ಬಾಕಿ

ಒಡೀಲ್ ವಾರಕ್ಕೊಮ್ಮೆ ರೈನ್ ನದಿ ದಾಟುತ್ತಿದ್ದಳು
ಮೊಮ್ಮಗನ ಡೈಪರ್ ತರಲು;
ಆಚೆ ದಡದಲ್ಲಿ ಎರಡು ಯೂರೋ ಅಗ್ಗ.
ಟ್ರಾಮು ಸೇತುವೆ ಹತ್ತಿದಾಗ
ಯಾರೂ ತಲೆಯೆತ್ತುತ್ತಿರಲಿಲ್ಲ.

ಅವಳ ಮುತ್ತಜ್ಜ ಸ್ಟ್ರಾಸ್‌ಬೂರ್ಗ್ ಬಿಡದೆಯೇ
ನಾಲ್ಕು ಸಲ ದೇಶ ಬದಲಿಸಿದವನು.
ಬೋರ್ಡು ಬರೆಯುವ ಕಸುಬು.
ಗೆದ್ದವರು ಬಂದಾಗೆಲ್ಲ ಬೀದಿಗಳಿಗೆ ಹೊಸ ಹೆಸರು,
ಕೈತುಂಬ ಕೆಲಸ.
"ಶಾಂತಿ ಬಂದರೆ ನಮಗೆ ಉಪವಾಸ" ಎಂದು ನಗುತ್ತಿದ್ದನಂತೆ,
ಇಬ್ಬರು ಮೊಮ್ಮಕ್ಕಳು
ಎರಡು ಬಣ್ಣದ ಸಮವಸ್ತ್ರದಲ್ಲಿ
ಮಣ್ಣಾಗುವ ತನಕ.

ಆಮೇಲೆ ಯಾರೋ ಕೂತು ಲೆಕ್ಕ ಹಾಕಿದರು:
ನಿನ್ನ ಕಲ್ಲಿದ್ದಲು, ನನ್ನ ಕುಲುಮೆ,
ಒಂದೇ ಕಿರ್ದಿಯಲ್ಲಿದ್ದರೆ
ಫಿರಂಗಿ ಎರಕಕ್ಕೂ ಇಬ್ಬರ ರುಜು ಬೇಕು.
ಪ್ರೀತಿಯೇನಲ್ಲ.
ರುಜುವಿಗೆ ಕಾದು ಕಾದು ಸಿಟ್ಟು ತಣಿಯಿತು.

ಆದರೂ ಆ ವಸಂತದಲ್ಲಿ, ರೋಗದ ಭಯಕ್ಕೆ,
ಸೇತುವೆಗೆ ಬೇಲಿ ಬೀಳಲು ಒಂದು ರಾತ್ರಿ ಸಾಕಾಯಿತು.
ಎಪ್ಪತ್ತು ವರ್ಷದ ಒಪ್ಪಂದಗಳೆಲ್ಲ
ಕಪಾಟಿನಲ್ಲಿ ನಿದ್ದೆ ಹೋದವು.
ಆಚೆಯ ಅಂಗಡಿಯ ಹೈಕೆ
ಬೇಲಿಯ ಸಂದಿಯಲ್ಲಿ ಡೈಪರ್ ಕಟ್ಟು ತೂರಿಸಿದಳು.
ಒಡೀಲ್ ಕೈಯಲ್ಲಿ ಚಿಲ್ಲರೆ ಇರಲಿಲ್ಲ.
"ಆಮೇಲೆ ಕೊಡು."

ಬೇಲಿ ಎಂದೋ ಹೋಯಿತು, ಮೊಮ್ಮಗ ಶಾಲೆ ಸೇರಿದ.
ಒಡೀಲ್ ಈಗಲೂ ಟ್ರಾಮು ಹತ್ತುತ್ತಾಳೆ,
ಕಾಫಿ ಕುಡಿದು, ಹರಟೆ ಹೊಡೆದು,
ಆ ಬಾಕಿ ತೀರಿಸದೆ
ಬರುತ್ತಾಳೆ.