ಕೊನೆಯ ಸೊನ್ನೆ

"ಶಬ್ದ ಬೇಕು ಐತಪ್ಪಣ್ಣ" ಅಂದ ಮುಬಷೀರ್,
ಹಳೇ ಎಸ್ಟೀಮನ್ನು ಹಿಮ್ಮುಖವಾಗಿ ಶೆಡ್ಡಿಗೆ ತಂದು.
ಎಷ್ಟು ಬೇಕು?
"ಹೊಸಂಗಡಿಯಲ್ಲಿ ಗೇರು ಬದಲಿಸಿದರೆ
ಉಪ್ಪಳದಲ್ಲಿ ಚಾಯ ಕುಡಿಯುವವನ ಗ್ಲಾಸು ನಡುಗಬೇಕು."
ಅಷ್ಟಕ್ಕೆ ನಾನು ಬೇಡ ಮಾರಾಯ, ಒಂದು ಗರಗಸ ಸಾಕು.
ದೊಡ್ಡದು ಬೇರೆ, ಒಳ್ಳೆಯದು ಬೇರೆ.
ಒಳ್ಳೆಯದು ಬೇಕಾದರೆ ಕೂತುಕೋ.

ಕೊಯ್ದೆ.
ಹತ್ತೊಂಬತ್ತು ವರ್ಷದ ಸೈಲೆನ್ಸರಿನ ಹೊಟ್ಟೆಯಲ್ಲಿ
ಮಸಿ ಹಿಡಿದ ಗಾಜಿನ ಹತ್ತಿ, ತೂತು ತೂತಿನ ಕೊಳವೆ,
ಅಡ್ಡಗೋಡೆ ಎರಡು, ಕಳಚಿ ಬಿದ್ದು
ಇಷ್ಟು ದಿನ ಕಟಕಟ ಅನ್ನುತ್ತಿದ್ದ ತುಂಡೊಂದು,
ಒಂದು ಮುಷ್ಟಿ ತುಕ್ಕು.
ಬಾಯಿ ಮುಚ್ಚಿಸಲು
ಒಳಗೆ ಇಷ್ಟೆಲ್ಲ ಕೋಣೆ ಕಟ್ಟಬೇಕು.

ನನ್ನ ಎಡಗಿವಿ ಸತ್ತು ಒಂಬತ್ತು ವರ್ಷ.
ಗ್ರೈಂಡರು ತಿಂದದ್ದು. ಬಲದ್ದೂ ಈಗ ಅರ್ಧಂಬರ್ಧ.
ಹಾಗಾಗಿ ನಾನು ಅಂಗೈಯಲ್ಲಿ ಕೇಳುವುದು:
ಒದ್ದೆ ಗೋಣಿ ಸುತ್ತಿ ಕೊಳವೆ ಹಿಡಿದರೆ
ನಾಲ್ಕು ಸಿಲಿಂಡರೂ ಬಂದು ಬೆರಳಿಗೆ ತಟ್ಟುತ್ತವೆ.
ಈ ಕಾರಿನದು ಮೂರನೆಯದು ಸ್ವಲ್ಪ ತಡ,
ಬೆಲ್ಲಾದ ಮೇಲೆ ಶಾಲೆಗೆ ಬರುವವನ ಹಾಗೆ.

ಒಂದು ಗೇಣು ಗಿಡ್ಡ ಮಾಡಿದರೆ ಡಬ್ಬ ಬಡಿದಂತೆ.
ಅರ್ಧ ಗೇಣು ಸೇರಿಸಿದರೆ ನೆಗಡಿಯವನ ಮಾತು.
ಮೂರು ಸಲ ಬೆಸೆದೆ, ಎರಡು ಸಲ ಕೊಯ್ದೆ.
ನಡುವೆ ಕರೆಂಟು ಹೋಯಿತು, ಅವನು ಹೋಗಿ ಬನ್ಸ್ ತಂದ.

ರಾತ್ರಿ ಹತ್ತೂವರೆಗೆ
ಇನ್ನೂ ಬಿಳಿ ಗೆರೆ ಎಳೆಯದ ಹೊಸ ಹೆದ್ದಾರಿಯಲ್ಲಿ
ಮೂರನೇ ಗೇರಿಗೆ ಹಾಕಿದ.
ನಾನು ಹಿಂದಿನ ಸೀಟಿನಲ್ಲಿ, ಅಂಗೈ ಕಾರಿನ ನೆಲಕ್ಕೊತ್ತಿ.
ಮುಳ್ಳು ಮೂರು ಸಾವಿರ ಮುಟ್ಟುವ ಮೊದಲು
ಅದು ಬಂತು.
ಗುಡುಗಲ್ಲ.
ಸಣ್ಣವನಿದ್ದಾಗ ತಾಮ್ರದ ಹಂಡೆಗೆ ತಲೆ ಹಾಕಿ
ನನ್ನ ಹೆಸರು ನಾನೇ ಕರೆದಿದ್ದೆ, ಹಾಗೆ.
ಸತ್ತ ಕಿವಿಗೂ ಕೇಳಿತು ಅಂದರೆ ಸುಳ್ಳಾದೀತು;
ಆ ಕಡೆಯ ದವಡೆಗೆ ಗೊತ್ತಾಯಿತು.

ಹನ್ನೊಂದು ದಿನ.
ಹನ್ನೆರಡನೆಯ ದಿನ ಬಂದ, ಮೆಲ್ಲಗೆ, ಮೊದಲನೇ ಗೇರಿನಲ್ಲಿ,
ಕಾಗದ ಹಿಡಿದು. ಬಂದ್ಯೋಡಿನಲ್ಲಿ ತಡೆದರಂತೆ.
ಏಳು ದಿನದೊಳಗೆ ಮೊದಲಿನಂತೆ ಮಾಡಿ ತೋರಿಸಬೇಕಂತೆ.

ನಾನು ಕನ್ನಡ ಶಾಲೆ, ಏಳನೆಯವರೆಗೆ.
ಕಾಗದ ಪೂರಾ ಮಲಯಾಳ.
ನನ್ನ ಕೆಲಸದ ಬಗ್ಗೆ ಸರಕಾರ ಬರೆದ ಮೊದಲ ಮಾತು
ನನಗೇ ಓದಲು ಬರುವುದಿಲ್ಲ.
ನೀನೇ ಓದು ಅಂದೆ. ಬೆರಳಿಟ್ಟು ಓದಿದ.
ನಡುವೆ ಒಂದು ಪದ ನೇರ ಬಂತು ಬಲಗಿವಿಗೆ:
ಅಸಹನೀಯಂ.
ನಿಲ್ಲು, ಎಲ್ಲಿದೆ ಅದು, ತೋರಿಸು.
ನಮ್ಮದೇ ಪದ, ಕೊನೆಗೊಂದು ಸೊನ್ನೆ ಹೆಚ್ಚು,
ದುಂಡಗೆ, ಖಾಲಿ,
ಹಿಂದೆ ನಿಂತು ನೋಡಿದಾಗಿನ ಕೊಳವೆಯ ಬಾಯಿ.

ಎರಡು ವರ್ಷದಿಂದ ನನ್ನ ಶೆಡ್ಡಿನೆದುರು
ಕಾಂಕ್ರೀಟು ಒಡೆಯುವ ಯಂತ್ರಕ್ಕೆ
ಯಾರೂ ಕಾಗದ ಕೊಟ್ಟದ್ದು ಕಾಣೆ.
ಆದರೂ, ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ,
ಮಗು ಬೆಚ್ಚಿ ಅಳುತ್ತದೆ ಅಂತ ಅವನೇ ಹೇಳಿದ, ಕಾಗದ ಮಡಚುತ್ತ.
ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಗುಜರಿಯಿಂದ ಕಂಪೆನಿಯದ್ದೇ ಒಂದು ತಂದು ಕೂರಿಸಿದೆ.
ಸ್ಟಾರ್ಟ್ ಮಾಡು ಅಂದೆ.
"ಆಗಲೇ ಮಾಡಿ ಆಯಿತಲ್ಲ."
ಬಗ್ಗಿ, ಗೋಣಿ ಸುತ್ತಿ, ಹಿಡಿದೆ.
ಒಂದು,
ತಡವಾಗಿ ಮೂರು,
ನಾಲ್ಕು, ಎರಡು.

ಬಿಚ್ಚಿದ್ದು ಇಲ್ಲೇ ಇರಲಿ ಅಂದ, ಗೋಡೆಗೆ ಒರಗಿಸಿದೆ.
ಬೆಸುಗೆಗೆ ಮುನ್ನೂರು, ಪೈಪಿನ ಹಳೇ ಬಾಕಿ ನಾನೂರು,
ಲೆಕ್ಕ ಹೇಳುತ್ತ ತಿರುಗಿದರೆ
ಶೆಡ್ಡು ಖಾಲಿ.
ಹೋದದ್ದೇ ಗೊತ್ತಾಗಲಿಲ್ಲ.