ಆರು ಪಿನ್ನು

ಮಲ್ಪೆಯಿಂದ ಲಾರಿ ಮ್ಯಾಲ ಮಲಗಿ ಬಂತು ದೋಣಿ.
ಬೀಳಗಿ ನಾಕಾದಾಗ ಪೊಲೀಸಪ್ಪ ಕೇಳಿದನಂತ:
'ಸಮುದ್ರ ಈ ಕಡೆ ಸರದೈತೇನಲೇ?'

ನಮ್ಮ ಆರ್.ಸಿ.ಯೊಳಗ, ಪ್ಲಾಟ್ ನೂರಾ ಹನ್ನೊಂದರ ಮುಂದ
ನಾಲ್ಕು ಟೈರಿನ ಮ್ಯಾಲ ಬೋರಲ ಹಾಕೇವಿ.
ಹೊಟ್ಟಿ ತುಂಬ ಚಿಪ್ಪಿನ ಕಲಿ.
ಮೈದುನ ಗದ್ದೆಪ್ಪ ನಾಲಿಗಿ ಹಚ್ಚಿ ನೋಡಿದ:
'ಇನ್ನೂ ಉಪ್ಪು ಐತಿ ವೈನಿ.'
ಮೂರು ಬಿಂದಗಿ ಹೊಳಿ ನೀರು ಸುರವಿದೆ.
ಮತ್ತ ನೆಕ್ಕಿದ. 'ಐತಿ.'

ಬದಿ ಮ್ಯಾಲ ಕೆಂಪು ಬಣ್ಣದಾಗ ಯಾರದೋ ಹೆಸರು,
ಲವೀನಾ ಅಂತ.
ಮಗಳೋ, ಹೆಂಡತಿಯೋ, ಮುಳುಗಿದ ಇನ್ನೊಂದು ದೋಣಿಯೋ.
ಉಜ್ಜೋ ಕಾಗದ ನನ್ನ ಕೈಗೆ ಕೊಟ್ರು.
'ಲ' ಹೋತು, 'ನಾ' ಹೋತು,
ನಡುವಿನ 'ವೀ' ಹೋಗವಲ್ದು.
ಇರಲಿ ಅಂತ ಬಿಟ್ಟೆ.

ಲೆಕ್ಕ ನಂದು. ಎಸ್ಸೆಸ್ಸೆಲ್ಸಿ ಪಾಸಾದಾಕಿ
ಈ ಮನ್ಯಾಗ ನಾನೊಬ್ಬಾಕಿ.
ರೆಸಿನ್ ಮೂರು ಕೆ.ಜಿ., ಗಾಜಿನ ಬಟ್ಟಿ,
ಎರಡು ಪ್ಲಗ್ಗು, ಎಣ್ಣಿ, ಬ್ಯಾಂಕಿನ ಕಂತು,
ಗದ್ದೆಪ್ಪನ ಚಾ.
ಚಾ ಬರೀಬ್ಯಾಡ ಅಂದಿದ್ದ, ಬರದೇನಿ.

ಸೀಳಿದ ತಳಕ್ಕ ರೆಸಿನ್ ಬಳದ ದಿನ
ಓಣಿ ತುಂಬ ಉಗುರುಬಣ್ಣದ ವಾಸನಿ.
ಹಿಂದಿನ ಓಣಿ ಕಾಶೀಂಬಿ ಮೂಗು ಮುಚಗೊಂಡು ಬಂದ್ಲು:
'ಯಾರ ಮದುವಿ? ಹೊಸಾ ಸೊಸಿ ಬಂದಾಳೇನು?'
ಅತ್ತಿ ಅಂದ್ಲು: 'ಸೊಸಿ ಅನಬ್ಯಾಡ ಇದಕ್ಕ.
ಸೊಸಿಗೆ ಯಾರರ ಇಷ್ಟು ಎಣ್ಣಿ ಹಾಕ್ತಾರೇನು?'
ನಾನು ಬ್ರಷ್ ಹಿಡದು ತಲಿ ಬಾಗಿಸಿ ನಕ್ಕೆ.

ಇಂಜಿನ್ ಹಳೇದು. ಬಾಗಲಕೋಟಿಯಿಂದ
ಮೌಲಾಲಿ ಮಿಸ್ತ್ರಿ ಬಂದು ಬಿಚ್ಚಿದ.
ಪಂಪು, ಟ್ರ್ಯಾಕ್ಟರು, ಕಬ್ಬಿನ ಹಾಲಿನ ಗಾಣ, ಎಲ್ಲಾ ಕಂಡಾವ,
ದೋಣಿ ಇಂಜಿನ್ ಇದೇ ಮೊದಲು ಅಂತ
ಬಿಚ್ಚಿದ ಮ್ಯಾಲ ಹೇಳಿದ.

ಅಂವ ತೋರಿಸಿದ್ದು: ಪಂಖಾದೊಳಗ ಒಂದು ಪಿನ್ನು.
ಬೇಕಂತನ ಮೆತ್ತಗ ಮಾಡಿದ್ದು.
ನೀರಾಗ ಕಲ್ಲು ಬಡದ್ರ ಪಿನ್ನು ಮುರೀತೈತಿ,
ಇಂಜಿನ್ ಉಳೀತೈತಿ.
'ಸಂಸಾರದಾಗೂ ಒಬ್ಬರು ಹಿಂಗ ಇರಬೇಕ್ರಿ' ಅಂತ
ಬೀಡಿ ಹಚ್ಚಾಕ ಹೋದ.
ರೆಸಿನ್ ಡಬ್ಬಿ ಸನೇಕ ಐತಿ ಅಂತ ಒದರಿದ್ವಿ.

'ಎಷ್ಟು ಪಿನ್ನು ಇಟಗೊಳ್ಳೂಣು?'
'ಸಮುದ್ರದಾಗ ಎರಡು ಸಾಕು. ಇಲ್ಲೆ...'
ಅಂವ ಹೊಳಿ ಕಡೆ ನೋಡಿದ.

ಅವಾಗ ಎದ್ದು ಬಂದ್ಲು ಅತ್ತಿ.
ಅಂಗಾತ ಮಾಡಿದ ದೋಣಿಯ ಒಳಹಲಗಿ ಮ್ಯಾಲ
ಇದ್ದಲಿ ತುಂಡಿನಿಂದ ಗೀರಿದ್ಲು:
'ಇಲ್ಲೆ ಅಗಸಿ. ಎರಡು ಕಲ್ಲು ನಿಂತಾವ.
ಇಲ್ಲೆ ದ್ಯಾಮವ್ವನ ಕಟ್ಟಿ.
ಇಲ್ಲೆ ದೇಸಾಯರ ಹುಣಸಿಮರ,
ಕಡದೇವಿ ಅಂತಾರ, ಬುಡ ಕಡದಿಲ್ಲ.
ಗಿರಣಿ ಗ್ವಾಡಿ. ಸಾಲಿ ಮುಂದಿನ ಧ್ವಜದ ಕಂಬ.'
ದನಿ ನಡುಗಲಿಲ್ಲ. ಪರಊರಿನವರು ದಾರಿ ಕೇಳಿದ್ರ
ಹೇಳೂಹಂಗ ಹೇಳಿದ್ಲು.
'ನಮ್ಮ ಮನಿ ಮ್ಯಾಲ ಹಾದು ಹೋಗ್ರಿ, ಅಡ್ಡಿಯಿಲ್ಲ.
ಮಣ್ಣಿನ ಗ್ವಾಡಿ. ಕರಗೈತಿ.'

ಮಿಸ್ತ್ರಿ ಬೆರಳು ಮಡಚಿ ಎಣಿಸಿದ.
ನಾನು ಬರಕೊಂಡೆ: ಪಿನ್ನು, ಹಿತ್ತಾಳಿ, ಆರು.

ಮೀನಿನ ಬಂದ್ ಮುಗೀತು. ಕೊಯ್ನಾದಿಂದ ನೀರು ಬಿಟ್ಟಾರಂತ,
ಕೋಲ್ಹಾರದ ಸೇತುವಿ ಮೊದಲು ಮೊಣಕಾಲತನಕ,
ಆಮ್ಯಾಲ ಸೊಂಟದತನಕ.

ನೀಲಿ ಡ್ರಮ್ಮಿನ ನೀರಾಗ ಇಂಜಿನ್ ಇಳಿಬಿಟ್ಟು
ಗದ್ದೆಪ್ಪ ಹಗ್ಗ ಜಗ್ಗಿದ, ಹದಿನೇಳು ಸಲ.
ನನ್ನ ಗಂಡ ಜಗ್ಗಿದ. ಮಿಸ್ತ್ರಿ ಜಗ್ಗಿದ, ಬೈದ, ಜಗ್ಗಿದ.
'ಪೆಟ್ರೋಲಿನ ನಳ ತೆರದೀರೇನ್ರಿ?' ಅಂದೆ.
ಯಾರೂ ಮಾತಾಡಲಿಲ್ಲ.
ಯಾರೋ ಒಬ್ಬರು ಬಗ್ಗಿದರು.

ಗುರ್ರ್ ಅಂತು. ಹೊಗಿಗೆ ನಾಯಿ ಓಡಿದವು.
'ತಾಳ್ರಿ' ಅಂದ ಮಿಸ್ತ್ರಿ, 'ಇಲ್ಲೆ ತೂತಿನಿಂದ
ಅದು ಉಚ್ಚಿ ಹೊಯ್ಯಬೇಕು. ಹೊಯ್ದ್ರ
ಮೈ ತಂಪೈತಿ ಅಂತ.'
ಓಣಿ ಹುಡುಗರೆಲ್ಲ ಕುಕ್ಕರಗಾಲಿಲೆ ಕುಂತು
ಉಸಿರು ಹಿಡದು ಕಾದ್ರು.
ಹೊಲಿಗಿ ದಾರದಷ್ಟು ತೆಳ್ಳಗ, ಬೆಚ್ಚಗ, ಸೊಟ್ಟಗ
ಬಂತು.

ಗದ್ದೆಪ್ಪ ಬೆರಳು ಹಿಡದು ನಾಲಿಗಿಗೆ ಹಚ್ಚಿದ.
ನನ್ನ ಕಡೆ ನೋಡಿದ.
ಏನೂ ಹೇಳಲಿಲ್ಲ.