ಬೂದಿ ಹತ್ತಿದ ರೊಟ್ಟಿ

ಕುತಾಯಿಸಿಯ ಬಿಳಿ ಸೇತುವೆಯ ಬಳಿ ಶುರು.
ರಿಯೋನಿ ನದಿಯ ಗುಂಟ ಹೋಗಿ ತಿರುಗಿ ಬಂದರೆ
ಹತ್ತು ಕಿಲೋಮೀಟರು.
ನಾನೋ, ಮಕ್ವಾಲಾ, ನಲವತ್ತಾರು ದಾಟಿದವಳು,
ಜನ್ಮದಲ್ಲಿ ಓಡಿದ್ದು
ಬಿಟ್ಟುಹೋಗುವ ಬಸ್ಸಿನ ಹಿಂದೆ ಮಾತ್ರ.

ಚಳಿಗಾಲವಿಡೀ ಅಭ್ಯಾಸ.
ನಾಲ್ಕಕ್ಕೆದ್ದು ಮಣ್ಣೊಲೆಗೆ ಬೆಂಕಿ ಹಾಕಿ
ಹಿಟ್ಟು ಉಬ್ಬುವಷ್ಟು ಹೊತ್ತು
ಕತ್ತಲಲ್ಲಿ ಓಡಿ ಬಂದು
ಏದುಸಿರಲ್ಲೇ ಬಟ್ಟೆಯಂಚು ಎತ್ತಿ ನೋಡುವುದು:
ಹಿಟ್ಟು ಎಷ್ಟು ಏರಿತು, ನಾನೆಷ್ಟು.

ಊರಿಗೆಲ್ಲ ಹೇಳಿಯೂ ಆಗಿತ್ತು. ಅದೇ ತಪ್ಪು.
ರೊಟ್ಟಿಗೆ ಬಂದವರ ಅಂಗೈಗೆ
ಚಿಲ್ಲರೆಯ ಜೊತೆ ಸುದ್ದಿಯನ್ನೂ ಎಣಿಸಿ ಹಾಕಿದ್ದೆ:
"ಗಂಟೆ ಹತ್ತು ನಿಮಿಷ.
ಮೇಲೆ ಒಂದು ನಿಮಿಷವಾದರೆ ಕೇಳಿ."

ಪಿಸ್ತೂಲು ಸಿಡಿದದ್ದೇ ತಡ
ಕಾಲೇಜು ಹುಡುಗಿಯರ ಬೆನ್ನಿಗೆ ಬಿದ್ದೆ.
ಎರಡು ಕಿಲೋಮೀಟರು, ನಾನೇ ಗಾಳಿ.
ಮೂರನೆಯದರಲ್ಲಿ ನನಗೇ ಗಾಳಿ ಸಾಲದು.
ಆರಂಭಶೂರರ ಪಟ್ಟಿ ಯಾರಾದರೂ ಇಟ್ಟಿದ್ದರೆ
ಅದರಲ್ಲಿ ಮಾತ್ರ ಆವತ್ತು ನಾನು ಮೊದಲು.
ಐದರಲ್ಲಿ ಪಕ್ಕೆ ಹಿಡಿಯಿತು,
ಒಳಗೆ ಯಾರೋ ಹಸಿಬಟ್ಟೆ ಹಿಂಡಿದ ಹಾಗೆ.
ಏಳರಲ್ಲಿ ನಡೆದೆ.

ನಡೆದೆ ಎಂದು ಒಂದೇ ಮಾತಲ್ಲಿ ಹೇಳಿ ಮುಗಿಸಿದರೆ
ಅದೂ ಒಂದು ಸುಳ್ಳೇ.
ಉದ್ದವಿತ್ತು ಆ ನಡಿಗೆ:
ಟೈರಿನಂಗಡಿ, ಮುಚ್ಚಿದ ಸಿನಿಮಾ ಮಂದಿರ,
ಬೇಲಿಗೆ ಒಣಹಾಕಿದ ಯಾರದೋ ಕಂಬಳಿ,
ಕಟ್ಟೆಯ ಮೇಲೆ ಸೂರ್ಯಕಾಂತಿ ಬೀಜ ಒಡೆಯುತ್ತ ಮುದುಕರು.
"ಏನಮ್ಮಾ, ಏನಾದರೂ ಕಳಕೊಂಡೆಯಾ?"
ಎಂದನೊಬ್ಬ, ನಿಜಕ್ಕೂ ಮರುಕದಿಂದ.
ಆಮೇಲೆ ಆ ಪಾದ್ರಿ, ಎಪ್ಪತ್ತಾದರೂ ಆಗಿರಬೇಕು,
ಗಡ್ಡವನ್ನು ಒಂದು ಹೆಗಲಿಗೆ ಹಾರಲು ಬಿಟ್ಟು
ನನ್ನನ್ನು ದಾಟಿದ.
ದಾಟುತ್ತ ಕ್ಷಮೆ ಕೇಳಿದ.
ಪಕ್ಕೆಗಿಂತ ಅದು ಹೆಚ್ಚು ನೋಯಿತು.

ನಾನು ಮುಟ್ಟುವ ಹೊತ್ತಿಗೆ
ಗಾಳಿ ತುಂಬಿದ ಕಮಾನು ಅರ್ಧ ಕುಸಿದಿತ್ತು.
ತಲೆ ತಗ್ಗಿಸಿ ನುಗ್ಗಿದೆ,
ದಿನಾ ಒಲೆಯೊಳಕ್ಕೆ ಬಾಗುವ ಹಾಗೇ.
ದೊಡ್ಡ ಗಡಿಯಾರದ ತಂತಿ ಸುತ್ತುತ್ತಿದ್ದ ಹುಡುಗ
ತನ್ನ ಮಣಿಕಟ್ಟು ನೋಡಿಕೊಂಡ:
"ಗಂಟೆ ಮೂವತ್ತನಾಲ್ಕು...
ಇರಲಿ ಬಿಡಿ ಅತ್ತೆ, ಮೂವತ್ತು ಅಂತ ಬರೆಯಲಾ?"
"ಬೇಡ," ಎಂದೆ. "ಆ ನಾಲ್ಕೂ ನಾನೇ ನಡೆದದ್ದು."
ಪದಕ ಮುಗಿದಿದ್ದವು. ಬಾಳೆಹಣ್ಣಿತ್ತು.

ರಾತ್ರಿ ಅಂಗಿಯಿಂದ ನಂಬರು ಬಿಚ್ಚುವಾಗ
ನಾಲ್ಕು ಪಿನ್ನುಗಳಲ್ಲಿ ಒಂದು ಬೆರಳಿಗೆ ಚುಚ್ಚಿತು.
ಅಷ್ಟಕ್ಕೇ ಅತ್ತೆ. ಪಿನ್ನಿಗೆ ಇಷ್ಟು ಅಳುವುದುಂಟೇ
ಎಂಬಂತೆ ಮಗಳು ತೆಕ್ಲೆ ಬಾಗಿಲಲ್ಲಿ ನಿಂತು ನೋಡಿ,
ದೀಪ ಆರಿಸಿ ಹೋದಳು.
ಜಾಣೆ.

ಮರುದಿನ ಮತ್ತೆ ನಾಲ್ಕು ಗಂಟೆ.
ಮೆಟ್ಟಿಲು ಇಳಿಯಲೊಲ್ಲದ ತೊಡೆಗಳು.
ಶಾಲ್ವಾ ಏನನ್ನೂ ಕೇಳಲಿಲ್ಲ, ಉಂಡೆ ಕಟ್ಟುತ್ತಿದ್ದ.
ಮೊದಲನೇ ಸುತ್ತಿನಲ್ಲೇ
ನಾನು ಬಡಿದ ರೊಟ್ಟಿಯೊಂದು ಗೋಡೆ ಬಿಟ್ಟು
ಕೆಂಡಕ್ಕೆ ಜಾರಿತು.
ಕೊಕ್ಕೆಯಿಂದ ಎತ್ತಿ, ಚಾಕುವಿನಿಂದ ಬೂದಿ ಕೆರೆದು,
ಮುರಿದು ಉಪ್ಪು ಉದುರಿಸಿ
ಅರ್ಧ ನನ್ನ ಕಡೆ ಚಾಚಿದ.
ಬಿದ್ದ ರೊಟ್ಟಿಯನ್ನು ನಾವು ಮಾರುವುದಿಲ್ಲ.
ಇಪ್ಪತ್ತು ವರ್ಷದಿಂದ ಅದು ಒಲೆಯವರ ಪಾಲು.

"ಹಿಟ್ಟು ತೆಳುವಾಯಿತೇ? ಗೋಡೆ ಕಾದಿರಲಿಲ್ಲವೇ?
ನಾನೇ ಅವಸರ ಮಾಡಿದೆನೇ?"
ಎಂದೆ. ಯಾವುದರ ಬಗ್ಗೆ ಕೇಳುತ್ತಿದ್ದೆನೋ.
"ತಿನ್ನು," ಎಂದ ಶಾಲ್ವಾ, "ಆರಿಹೋಗುತ್ತೆ."
ಹಲ್ಲಿಗೆ ಬೂದಿ ಕರಕರ.
ಆದರೂ ಬೆಂದಿತ್ತು.

ಏಳಕ್ಕೆ ಕಿಟಕಿ ತೆಗೆದೆ.
ಸಾಲಿನಲ್ಲಿ ಮೊದಲು ಲಮಾರಾ,
ಪರ್ಸು ಬಿಚ್ಚಿ ಹಿಡಿದು:
"ಎಷ್ಟಾಯ್ತು?"
ಉಸಿರೆಳೆದುಕೊಂಡು ಇಡೀ ಸಾಲಿಗೆ ಕೇಳುವಂತೆ
"ಗಂಟೆ ಮೂವತ್ತನಾಲ್ಕು," ಎಂದೆ.

ಅವಳು ನನ್ನನ್ನು ನೋಡಿದಳು,
ಕೈಯಲ್ಲಿನ ಎರಡು ರೊಟ್ಟಿಗಳನ್ನು ನೋಡಿದಳು.